ಆಮಿಷಕ್ಕೆ ಎಡೆಯಿಲ್ಲದ ಊರಿನಲ್ಲಿ

ಯಾರೋ ಕ್ರೈಸ್ತರಾದರು ಎಂಬ ಸುದ್ದಿ ಬಂದರೆ ಕರ್ನಾಟಕದಲ್ಲಿ ಅದಕ್ಕೊಂದು ವಿವರಣೆ ಮೊದಲೇ ಸಿದ್ಧವಾಗಿರುತ್ತದೆ: ಆಮಿಷ. ಕೆಲಸ ಕೊಡಿಸಿರಬೇಕು, ಮಕ್ಕಳಿಗೆ ಕಾನ್ವೆಂಟಿನಲ್ಲಿ ಸೀಟು ಸಿಕ್ಕಿರಬೇಕು, ಆಸ್ಪತ್ರೆಯ ಬಿಲ್ಲನ್ನು ಯಾರೋ ಕಟ್ಟಿರಬೇಕು. 2022ರಲ್ಲಿ ಜಾರಿಗೆ ಬಂದ ಕರ್ನಾಟಕ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ ಈ ವಿವರಣೆಗೆ ಕಾನೂನಿನ ರೂಪವನ್ನೇ ಕೊಟ್ಟಿತು. ಉಡುಗೊರೆ, ಹಣ, ಉದ್ಯೋಗ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣ, ಮದುವೆಯ ಭರವಸೆ, ಉತ್ತಮ ಬದುಕಿನ ಆಸೆ ಎಲ್ಲವೂ ಅದರ ಪ್ರಕಾರ ಆಮಿಷವೇ. 2023ರ ಜೂನ್‌ನಲ್ಲಿ ಮುಂದಿನ ಸರ್ಕಾರದ ಸಂಪುಟ ಆ ಕಾಯ್ದೆಯನ್ನು ರದ್ದುಮಾಡಲು ತೀರ್ಮಾನಿಸಿತು. ಜನರ ಮನಸ್ಸಿನಲ್ಲಿ ಮಾತ್ರ ಆ ವಿವರಣೆ ಹಾಗೆಯೇ ಕೂತಿದೆ. ಅದರಲ್ಲಿ ಎಷ್ಟು ಹುರುಳಿದೆ ಎಂದು ನೋಡಬೇಕಾದರೆ ಆಮಿಷ ಒಡ್ಡಲು ದಾರಿಯೇ ಇಲ್ಲದ ಒಂದು ಊರು ಬೇಕು. ಕುವೈತ್‌ನ ಹವಲ್ಲಿ ಅಂಥ ಊರು.

ಕುವೈತ್‌ನ ಆರು ಗವರ್ನರೇಟುಗಳಲ್ಲಿ ಹವಲ್ಲಿಯೂ ಒಂದು. ಹವಲ್ಲಿ ಪೇಟೆಯ ಜೊತೆಗೆ ಸಾಲ್ಮಿಯಾ, ಜಾಬ್ರಿಯಾ, ರುಮೈತಿಯಾ, ಸಲ್ವಾ, ಬಯಾನ್, ಮಿಶ್ರೆಫ್ ಎಲ್ಲವೂ ಇದರೊಳಗೆ ಬರುತ್ತವೆ. 1990ರ ಇರಾಕ್ ದಾಳಿಗೆ ಮುಂಚೆ ಹವಲ್ಲಿ ಪೇಟೆ ಎಂದರೆ ಪ್ಯಾಲೆಸ್ತೀನಿಯರ ಊರು ಎಂದೇ ಲೆಕ್ಕ. ಈಗ ಅದು ಈಜಿಪ್ಟಿನವರು, ಸಿರಿಯಾದವರು, ಭಾರತೀಯರು, ಫಿಲಿಪೀನ್ಸಿನವರು ಬೆರೆತು ಬದುಕುವ ಜಾಗ. ಸಾಲ್ಮಿಯಾದ ಫ್ಲ್ಯಾಟುಗಳಲ್ಲಿ ಭಾರತೀಯ ಸಂಸಾರಗಳು ತುಂಬಿವೆ. ಇಂಡಿಯನ್ ಕಮ್ಯುನಿಟಿ ಸ್ಕೂಲ್ ಇರುವುದೂ ಅಲ್ಲಿಯೇ. ಬಯಾನ್, ಮಿಶ್ರೆಫ್ ಕಡೆಯ ದೊಡ್ಡ ಮನೆಗಳು ಕುವೈತಿಗಳವು. ಆ ಮನೆಗಳ ಹಿಂಬದಿಯ ಕೋಣೆಗಳಲ್ಲಿ ಅಡುಗೆಯವರು, ಡ್ರೈವರುಗಳು, ಮಕ್ಕಳನ್ನು ನೋಡಿಕೊಳ್ಳುವ ಹೆಂಗಸರು ಇರುತ್ತಾರೆ.

ಶುಕ್ರವಾರ ಇಲ್ಲಿ ರಜೆ. ಹಾಗಾಗಿ ಕೊಲ್ಲಿಯ ಕ್ರೈಸ್ತರು ಭಾನುವಾರದ ಪೂಜೆಯನ್ನು ಶುಕ್ರವಾರಕ್ಕೆ ತಂದುಕೊಂಡಿದ್ದಾರೆ. ಸಾಲ್ಮಿಯಾದ ಸಂತ ತೆರೇಸಾ ಇಗರ್ಜಿಯಲ್ಲಿ ಆ ದಿನ ಒಂದು ಗುಂಪು ಹೊರಬರುವಷ್ಟರಲ್ಲಿ ಇನ್ನೊಂದು ಗುಂಪು ಬಾಗಿಲಲ್ಲಿ ಕಾಯುತ್ತಿರುತ್ತದೆ. ಹವಲ್ಲಿಯಲ್ಲಿ ಈಜಿಪ್ಟಿನ ಕೋಪ್ಟಿಕ್ ಕ್ರೈಸ್ತರ ಸಂತ ಮಾರ್ಕರ ಚರ್ಚಿದೆ. ಇವಲ್ಲದೆ ಬಾಡಿಗೆ ವಿಲ್ಲಾಗಳಲ್ಲಿ, ಫ್ಲ್ಯಾಟುಗಳ ಹಾಲ್‌ನಲ್ಲಿ, ಹೊರಗೆ ಶಿಲುಬೆ ತೋರಿಸದೆ ಸೇರುವ ಸಣ್ಣ ಸಣ್ಣ ಸಭೆಗಳೂ ಇವೆ.

ಇಲ್ಲಿಯ ಸಭೆ ತನ್ನವರಿಗೆ ಲೌಕಿಕವಾಗಿ ಏನು ಕೊಡಬಲ್ಲದು? ಏನೂ ಇಲ್ಲ ಎನ್ನಬಹುದು. ವಲಸಿಗನ ವಾಸದ ಪರವಾನಗಿ, ಅಂದರೆ ಇಕಾಮಾ, ಅವನ ಕಫೀಲನ, ಅಂದರೆ ಕೆಲಸಕ್ಕೆ ಕರೆಸಿಕೊಂಡ ಪ್ರಾಯೋಜಕನ, ಕೈಯಲ್ಲಿರುತ್ತದೆ. ಪಾದ್ರಿಗೆ ಅದರ ಮೇಲೆ ಅಧಿಕಾರವಿಲ್ಲ. ಸಂವಿಧಾನದ 35ನೆಯ ವಿಧಿ ನಂಬಿಕೆಯ ಸ್ವಾತಂತ್ರ್ಯವನ್ನು ಒಪ್ಪುತ್ತದೆ, ಆಚರಣೆಗೆ ರಕ್ಷಣೆಯನ್ನೂ ಕೊಡುತ್ತದೆ. ಮುಸ್ಲಿಮರ ನಡುವೆ ಬೇರೆ ಮತದ ಪ್ರಚಾರ ಮಾತ್ರ ಕಾನೂನಿಗೆ ವಿರುದ್ಧ. 1982ರ ತಿದ್ದುಪಡಿಯ ನಂತರ ಮುಸ್ಲಿಮರಲ್ಲದವರಿಗೆ ಕುವೈತ್‌ನ ಪೌರತ್ವ ಸಿಗುವ ದಾರಿಯೂ ಮುಚ್ಚಿದೆ. ಕ್ರೈಸ್ತ ಹೆಸರಿದ್ದರೆ ಸಂಬಳ ಹೆಚ್ಚುವುದಿಲ್ಲ, ಮನೆ ಬಾಡಿಗೆ ಇಳಿಯುವುದಿಲ್ಲ. ಪ್ರಾರ್ಥನೆಗೆ ಬರುವವರು ವಾರಕ್ಕೊಂದೇ ಸಿಗುವ ರಜೆಯನ್ನು ಕಳೆದುಕೊಳ್ಳುತ್ತಾರೆ, ಬಸ್ಸಿನ ದುಡ್ಡನ್ನೂ ಕೈಯಿಂದ ಹಾಕುತ್ತಾರೆ. ಲಾಭದ ಲೆಕ್ಕವಷ್ಟೇ ಮನುಷ್ಯರನ್ನು ನಡೆಸುವುದಾದರೆ ಈ ನಾಡಿನಲ್ಲಿ ಅದು ಬೇರೆ ಕಡೆಗೇ ಕೈತೋರಿಸುತ್ತದೆ. ಆದರೂ ಇಗರ್ಜಿಗಳಲ್ಲಿ ನಿಲ್ಲಲು ಜಾಗವಿರುವುದಿಲ್ಲ.

ಪರೀಕ್ಷೆಯ ಇನ್ನೊಂದು ಮಗ್ಗುಲೂ ಇದೇ ಕುವೈತ್‌ನಲ್ಲಿ ಸಿಗುತ್ತದೆ, ಮತ್ತು ಅದು ಇನ್ನೂ ಸ್ವಾರಸ್ಯದ ಕಥೆ. ಸೇವೆ ಮಾಡಿದರೆ ಜನ ಒಲಿಯುತ್ತಾರೆ ಎಂಬ ಮಾತು ಬಹಳ ಹಳೆಯದು. 4ನೆಯ ಶತಮಾನದ ರೋಮ್ ಚಕ್ರವರ್ತಿ ಜೂಲಿಯನ್ ಬರೆದದ್ದೆಂದು ಹೇಳುವ ಪತ್ರವೊಂದರಲ್ಲಿ ಈ ಅಳಲಿದೆ: ಗಲಿಲಾಯದವರು ತಮ್ಮ ಬಡವರನ್ನು ಸಾಕುವುದಲ್ಲದೆ ನಮ್ಮ ಬಡವರನ್ನೂ ಸಾಕುತ್ತಿದ್ದಾರೆ, ನಮ್ಮವರಿಗೆ ನಮ್ಮಿಂದಲೇ ನೆರವಿಲ್ಲ ಎಂದು. ಕ್ರೈಸ್ತ ಧರ್ಮ ಬೆಳೆದದ್ದು ಹೀಗೆಯೇ ಎಂದು ಅದರ ಮಿತ್ರರೂ ವಿರೋಧಿಗಳೂ ಒಂದೇ ದನಿಯಲ್ಲಿ ಹೇಳುತ್ತಾರೆ.

1889ರಲ್ಲಿ ಅಮೆರಿಕದ ನ್ಯೂ ಬ್ರನ್ಸ್‌ವಿಕ್‌ನ ಸೆಮಿನರಿಯಲ್ಲಿ ಹುಟ್ಟಿದ ಅರೇಬಿಯನ್ ಮಿಷನ್ ಇದೇ ನಂಬಿಕೆಯಿಂದ ಕೊಲ್ಲಿಗೆ ಬಂತು. ಆಗಿನ ಅಮೀರ್ ಶೇಖ್ ಮುಬಾರಕ್ ತಾವಾಗಿಯೇ ವೈದ್ಯರನ್ನು ಕರೆಸಿಕೊಂಡರು. ಡಾ. ಸ್ಟ್ಯಾನ್ಲಿ ಮೈಲ್ರಿಯಾ ಬಂದರು, 1912ರಲ್ಲಿ ಡಾ. ಎಲೀನರ್ ಕ್ಯಾಲ್ವರ್ಲಿ ಬಂದರು. ಕುವೈತ್ ಕಂಡ ಮೊದಲ ವೈದ್ಯೆ ಆಕೆ. ಎಣ್ಣೆ ಸಿಗುವುದಕ್ಕೆ ಮುಂಚಿನ ಕುವೈತ್ ಅದು: ಮುತ್ತು ತೆಗೆಯಲು ಸಮುದ್ರಕ್ಕೆ ಮುಳುಗುವವರು, ಹಡಗಿನವರು, ಮಣ್ಣಿನ ಗೋಡೆಯ ಮನೆಗಳು, ಕಣ್ಣುಬೇನೆ, ಸಿಡುಬು, ಹೆರಿಗೆಯಲ್ಲಿ ಸಾಯುವ ಹೆಂಗಸರು. ಪರದೆಯೊಳಗಿನ ಹೆಂಗಸರು ಗಂಡಸು ವೈದ್ಯನ ಹತ್ತಿರ ಬರುತ್ತಿರಲಿಲ್ಲ. ಕ್ಯಾಲ್ವರ್ಲಿ ಅವರಿದ್ದಲ್ಲಿಗೇ ಹೋದರು. ಹೆಂಗಸರು ಅವರಿಗೆ ಖಾತೂನ್ ಹಲೀಮಾ ಎಂದು ತಮ್ಮ ಹೆಸರನ್ನೇ ಇಟ್ಟರು.

ಮಿಷನ್ ತನ್ನ ಉದ್ದೇಶವನ್ನು ಬಚ್ಚಿಡಲಿಲ್ಲ. ಚಿಕಿತ್ಸೆ ಆರಂಭವಾಗುವ ಮುಂಚೆ ಬೈಬಲ್ ಓದು, ಪ್ರಾರ್ಥನೆ. ಶಸ್ತ್ರಚಿಕಿತ್ಸೆಗೆ ಮುಂಚೆಯೂ ಪ್ರಾರ್ಥನೆ. ರೋಗಿಗಳು ಎಲ್ಲವನ್ನೂ ಸೌಜನ್ಯದಿಂದ ಕೇಳಿಸಿಕೊಂಡರು. 1920ರ ಅಕ್ಟೋಬರ್‌ನಲ್ಲಿ ಕುವೈತ್‌ನ ಜಹ್ರಾದಲ್ಲಿ ಕಾಳಗ ನಡೆದಾಗ ನೂರಕ್ಕೂ ಹೆಚ್ಚು ಗಾಯಾಳುಗಳನ್ನು ಹೊತ್ತು ತಂದದ್ದು ಮಿಷನ್ನಿನ ಆಸ್ಪತ್ರೆಗೆ. ಮುಂದೆ ಬಂದ ಡಾ. ಲೂಯಿಸ್ ಸ್ಕಡರ್, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಕಟ್ಟಿದ ಐಡಾ ಸ್ಕಡರ್ ಅವರ ವಂಶದವರು. ಅರ್ಧ ಶತಮಾನ ದಾಟಿ ನಡೆದ ಆಸ್ಪತ್ರೆ 1967ರಲ್ಲಿ ಮುಚ್ಚಿತು. ಅಷ್ಟರಲ್ಲಿ ಸರ್ಕಾರವೇ ಉಚಿತ ಆಸ್ಪತ್ರೆಗಳನ್ನು ಕಟ್ಟಿತ್ತು. ಮೈಲ್ರಿಯಾ 1952ರಲ್ಲಿ ಕುವೈತ್‌ನಲ್ಲಿಯೇ ತೀರಿಕೊಂಡರು.

ಇಷ್ಟೆಲ್ಲ ಆದ ಮೇಲೆ ಕ್ರೈಸ್ತರಾದ ಕುವೈತಿಗಳು ಎಷ್ಟು ಜನ? ಬೆರಳೆಣಿಕೆಯಷ್ಟೂ ಇಲ್ಲ ಎನ್ನಬೇಕು. ಇವತ್ತಿನ ಕುವೈತಿ ಕ್ರೈಸ್ತರು ಬಹುಪಾಲು ತುರ್ಕಿ, ಇರಾಕ್, ಪ್ಯಾಲೆಸ್ತೀನ್ ಕಡೆಯಿಂದ ವಲಸೆ ಬಂದ ಕೆಲವೇ ಕುಟುಂಬಗಳವರು. 1999ರಲ್ಲಿ ದೀಕ್ಷೆ ಪಡೆದ ಮೊದಲ ಕುವೈತಿ ಪ್ರೆಸ್ಬಿಟೇರಿಯನ್ ಸಭಾಪಾಲಕ ಇಮ್ಯಾನುಯೆಲ್ ಗರೀಬ್ ಅಂಥ ಕುಟುಂಬದವರೇ. ಔಷಧ ಕೊಟ್ಟು ಮತ ಬದಲಿಸಬಹುದಾಗಿದ್ದರೆ ಅದು ನಡೆಯಬೇಕಾಗಿದ್ದದ್ದು ಇಲ್ಲಿ. ಊರಿನವರ ಮೆಚ್ಚುಗೆ ಇತ್ತು, ಅಮೀರರ ಒಪ್ಪಿಗೆ ಇತ್ತು. ಕುವೈತಿಗಳು ಉಪಕಾರವನ್ನು ನೆನಪಿಟ್ಟುಕೊಂಡರು. ಹಳೆಯ ಆಸ್ಪತ್ರೆಯ ಕಟ್ಟಡವನ್ನು ಅಮ್ರಿಕಾನಿ ಎಂಬ ಹೆಸರಿನಲ್ಲಿ ಸಾಂಸ್ಕೃತಿಕ ಕೇಂದ್ರ ಮಾಡಿ 2011ರಲ್ಲಿ ತೆರೆದರು. ನಂಬಿಕೆಯನ್ನು ಮಾತ್ರ ಬದಲಿಸಲಿಲ್ಲ. ಗುಣಮಾಡಿದವರಿಗೆ ಕೃತಜ್ಞರಾಗಿರುವುದು ಬೇರೆ, ಅವರ ದೇವರನ್ನು ತನ್ನ ದೇವರು ಎನ್ನುವುದು ಬೇರೆ ಎಂಬುದು ಮರುಭೂಮಿಯ ಆ ಬಡ ರೋಗಿಗಳಿಗೆ ಚೆನ್ನಾಗಿ ತಿಳಿದಿತ್ತು. ಬಡವರನ್ನು ಸುಲಭವಾಗಿ ಕೊಳ್ಳಬಹುದು ಎಂದು ಭಾವಿಸುವವರು ಬಡವರನ್ನು ಅವಮಾನಿಸುತ್ತಾರೆ.

ಹಾಗಾದರೆ ಶುಕ್ರವಾರದ ಈ ಜನ?

ಇವರಲ್ಲಿ ಹೆಚ್ಚಿನವರು ಹುಟ್ಟು ಕ್ರೈಸ್ತರು, ಇವರ ವಿಷಯದಲ್ಲಿ ಸೆಳೆತದ ಪ್ರಶ್ನೆ ಎಲ್ಲಿ ಬಂತು ಎಂದು ಯಾರಾದರೂ ಕೇಳಬಹುದು. ಆದರೆ ಹುಟ್ಟಿನಿಂದ ಬಂದ ನಂಬಿಕೆ ಎಷ್ಟೋ ಮನೆಗಳಲ್ಲಿ ಇಪ್ಪತ್ತರ ವಯಸ್ಸಿಗೆ ಸುಮ್ಮನಾಗಿಬಿಡುತ್ತದೆ. ಮಂಗಳೂರು, ಬಂಟ್ವಾಳ, ಬೆಳ್ತಂಗಡಿ, ಕಾರ್ಕಳ ಕಡೆಯ ಕೊಂಕಣಿ ಕೆಥೊಲಿಕ್ ಮನೆಗಳಲ್ಲಿ ಮುಸ್ಸಂಜೆಗೆ ತೇರ್ಸ್, ಅಂದರೆ ಜಪಸರದ ಪ್ರಾರ್ಥನೆ, ಇರುತ್ತದೆ. ಅಮ್ಮನ ಕಣ್ಣಿಗೆ ಹೆದರಿ ಮಕ್ಕಳು ಮೊಣಕಾಲೂರುತ್ತಾರೆ. ವಾಡೆಯ ಮುಖ್ಯಸ್ಥನಾದ ಗುರ್ಕಾರ ಬಂದು ವಿಚಾರಿಸುತ್ತಾನೆ. ದೊಡ್ಡವರಾದ ಹುಡುಗರು ಭಾನುವಾರದ ಪ್ರಸಂಗದ ಹೊತ್ತಿಗೆ ಇಗರ್ಜಿಯ ಹೊರಗೆ ಬೈಕಿಗೆ ಒರಗಿ ನಿಲ್ಲುತ್ತಾರೆ. ಅದೇ ಹುಡುಗರು ಕುವೈತ್‌ಗೆ ಬಂದು ಬ್ಯಾಚುಲರ್ ರೂಮಿನಲ್ಲಿ ಮೇಲುಮಂಚವೊಂದನ್ನು ಹಿಡಿದ ಮೇಲೆ, ಯಾವ ಅಮ್ಮನ ಕಣ್ಣೂ ಯಾವ ಗುರ್ಕಾರನೂ ಇಲ್ಲದ ಊರಿನಲ್ಲಿ, ತಾವಾಗಿಯೇ ಜಪಸರ ಹಿಡಿದು ಕೂರುವುದುಂಟು. ಗಾಯನ ಮಂಡಳಿಗೆ ಸೇರುವುದುಂಟು. ಮಕ್ಕಳಿಗೆ ಧರ್ಮೋಪದೇಶದ ತರಗತಿ ತೆಗೆದುಕೊಳ್ಳುವುದುಂಟು. ಸೆಪ್ಟೆಂಬರ್ 8ರ ತೆನೆಹಬ್ಬವಾದ ಮೊಂತಿ ಫೆಸ್ತ್‌ಗೆ ಭತ್ತ ಬೆಳೆಯದ ಈ ನಾಡಿಗೆ ಊರಿನಿಂದ ತೆನೆ ತರಿಸಿ ಹಂಚುವವರೂ ಇವರೇ. ಊರಿನಲ್ಲಿ ವಾಡಿಕೆಯಾಗಿದ್ದದ್ದು ಇಲ್ಲಿ ಅವರವರ ತೀರ್ಮಾನವಾಗುತ್ತದೆ. ಯಾರೂ ಬಲವಂತ ಮಾಡದ ಕಡೆ ಬರುವವರನ್ನು ಕರೆದು ತರುವುದೇನು ಎಂದು ಕೇಳಲೇಬೇಕಾಗುತ್ತದೆ.

ಮನೆಗೆಲಸದ ಹೆಂಗಸರನ್ನು ನೋಡಿದರೆ ಉತ್ತರದ ಒಂದು ಭಾಗ ಸಿಗುತ್ತದೆ. 2015ರ 68ನೆಯ ಕಾನೂನಿನ ಪ್ರಕಾರ ಕುವೈತ್‌ನಲ್ಲಿ ಮನೆಗೆಲಸದವರಿಗೆ ವಾರಕ್ಕೊಂದು ದಿನ ರಜೆ ಕೊಡಬೇಕು. ಎಲ್ಲರಿಗೂ ಅದು ಸಿಗುವುದಿಲ್ಲ. ಸಿಕ್ಕವರು ಶುಕ್ರವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಬಟ್ಟೆ ಉಟ್ಟು, ಪ್ಲಾಸ್ಟಿಕ್ ಡಬ್ಬಿಯಲ್ಲಿ ಊಟ ಕಟ್ಟಿಕೊಂಡು ಸಾಲ್ಮಿಯಾಕ್ಕೆ ಬರುತ್ತಾರೆ. ಪೂಜೆ ಮುಗಿದ ಕೂಡಲೇ ಯಾರೂ ಹೊರಡುವುದಿಲ್ಲ. ಫೋನು ಹಿಡಿದು ಊರಿನ ಮಕ್ಕಳಿಗೆ ಬಲಿಪೀಠವನ್ನು ತೋರಿಸುತ್ತಾರೆ. ಡಬ್ಬಿ ತೆರೆದು ಪಕ್ಕದವಳಿಗೆ ಕೊಡುತ್ತಾರೆ. ಒಬ್ಬಳು ಇನ್ನೊಬ್ಬಳನ್ನು, ಹೋದ ವಾರ ಯಾಕೆ ಬರಲಿಲ್ಲ, ಮೈ ಹುಷಾರಿಲ್ಲವಾ ಎಂದು ಕೇಳುತ್ತಾಳೆ. ಮಿಕ್ಕ ಆರು ದಿನ ಆಕೆ ಇಲ್ಲದಿದ್ದರೆ ನಿಲ್ಲುವುದು ಕೆಲಸ ಮಾತ್ರ. ಇಲ್ಲಿ ಆಕೆ ಬಾರದಿದ್ದರೆ ಆಕೆಯೇ ಬಂದಿಲ್ಲ ಎಂದು ಗೊತ್ತಾಗುತ್ತದೆ. ಜ್ವರ ಬಂದಾಗ ಗಂಜಿ ತಂದವರು, ಊರಲ್ಲಿ ತಂದೆ ಸತ್ತಾಗ ಟಿಕೆಟ್‌ಗೆ ಚಂದಾ ಎತ್ತಿದವರು, ಪಕ್ಕದಲ್ಲಿ ಕೂತು ಅತ್ತವರು ಎಲ್ಲರೂ ಇದೇ ಅಂಗಳದಿಂದ ಬಂದವರು.

1965ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞರಾದ ಜಾನ್ ಲಾಫ್ಲೆಂಡ್ ಮತ್ತು ರಾಡ್ನಿ ಸ್ಟಾರ್ಕ್ ಹೊಸ ಪಂಥವೊಂದಕ್ಕೆ ಸೇರಿದವರನ್ನು ಹತ್ತಿರದಿಂದ ಗಮನಿಸಿ ಬರೆದದ್ದು ಇದನ್ನೇ: ಜನ ಸಿದ್ಧಾಂತ ಕೇಳಿ ಸೇರುವುದಕ್ಕಿಂತ ಹೆಚ್ಚಾಗಿ ಸ್ನೇಹದ ದಾರಿ ಹಿಡಿದು ಸೇರುತ್ತಾರೆ, ಸಿದ್ಧಾಂತವನ್ನು ಆಮೇಲೆ ಕಲಿಯುತ್ತಾರೆ. ಸ್ಟಾರ್ಕ್ 1996ರಲ್ಲಿ ಇದನ್ನೇ ಹಿಡಿದು ಆದಿಕ್ರೈಸ್ತರ ಚರಿತ್ರೆಯನ್ನೂ ವಿವರಿಸಿದರು.

ಕುವೈತ್‌ನಲ್ಲಿ ಇದಕ್ಕೆ ಎದುರುದಿಕ್ಕಿನ ಸಾಕ್ಷ್ಯವೂ ಇದೆ. ನ್ಯಾಯವಾಗಿ ಅದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಅಲ್ಲಿಗೆ ಹೋದ ದಕ್ಷಿಣ ಏಷ್ಯಾದ ಮನೆಗೆಲಸದ ಹೆಂಗಸರಲ್ಲಿ ಅನೇಕರು ಇಸ್ಲಾಂ ಸ್ವೀಕರಿಸುತ್ತಾರೆ. ಮಾನವಶಾಸ್ತ್ರಜ್ಞೆ ಅತ್ತಿಯಾ ಅಹ್ಮದ್ ಈ ಹೆಂಗಸರ ನಡುವೆ ಬಹುಕಾಲ ಓಡಾಡಿ 2017ರಲ್ಲಿ ಪುಸ್ತಕ ಪ್ರಕಟಿಸಿದರು. ಒತ್ತಾಯದಿಂದ ಆದರು ಎಂದು ಕೆಲವರು, ಲಾಭಕ್ಕೆ ಆದರು ಎಂದು ಇನ್ನು ಕೆಲವರು ಹೇಳುತ್ತಾರೆ; ಆ ಹೆಂಗಸರ ಅನುಭವ ಎರಡಕ್ಕೂ ಹೊಂದುವುದಿಲ್ಲ ಎಂಬುದು ಅಹ್ಮದ್ ಅವರ ವಾದ. ಒಂದೇ ಮನೆಯಲ್ಲಿ ವರ್ಷಗಟ್ಟಲೆ ಅಡುಗೆ ಮಾಡುತ್ತ, ಮಕ್ಕಳನ್ನು ಎತ್ತಿಕೊಳ್ಳುತ್ತ, ಮುದುಕಿಯರಿಗೆ ಕೈಯಾಸರೆಯಾಗುತ್ತ, ಅವರ ನಮಾಜು ಉಪವಾಸಗಳನ್ನು ನೋಡುತ್ತ ನೋಡುತ್ತ ತಮ್ಮೊಳಗೆ ಏನೋ ನಿಧಾನವಾಗಿ ಬದಲಾಯಿತು ಎಂದು ಆ ಹೆಂಗಸರು ಹೇಳಿಕೊಂಡರು. ಹವಲ್ಲಿಯ ಇಗರ್ಜಿಯ ಅಂಗಳದಲ್ಲಿ ನಡೆಯುವುದೂ ಮೂಲದಲ್ಲಿ ಇಂಥದ್ದೇ. ಇಸ್ಲಾಂಗೆ ಹೋದವರನ್ನು ಮೋಸಹೋದವರು ಎಂದು ಕ್ರೈಸ್ತರೂ, ಕ್ರೈಸ್ತರಾದವರನ್ನು ಮೋಸಹೋದವರು ಎಂದು ಹಿಂದೂಗಳೂ ಅನ್ನುವುದು ಒಂದೇ ಬಗೆಯ ಅಸಡ್ಡೆ. ಹೆಂಗಸೊಬ್ಬಳು ತನ್ನ ಮನಸ್ಸನ್ನು ತಾನೇ ತಿಳಿದಿರಬಹುದು ಎಂಬ ಸಾಧ್ಯತೆಯನ್ನು ಇಬ್ಬರೂ ಬಿಟ್ಟುಬಿಡುತ್ತಾರೆ.

ಸ್ನೇಹದ ವಿವರಣೆ ನಿಜ, ಆದರೆ ಸಾಲದು. ಸ್ನೇಹ ಎಲ್ಲ ಕಡೆ ಸಿಗುತ್ತದೆ. ಕುವೈತ್‌ನಲ್ಲಿ ಕನ್ನಡ ಕೂಟವಿದೆ, ತುಳು ಕೂಟವಿದೆ, ಬಂಟರ ಸಂಘವಿದೆ. ಅಲ್ಲೂ ಜನ ಒಬ್ಬರಿಗೊಬ್ಬರು ಆಗುತ್ತಾರೆ. ಗೆಳೆಯರು ವೀಸಾ ಮುಗಿಸಿ ಊರಿಗೆ ಹೋದ ಮೇಲೂ ಒಬ್ಬ ಮನುಷ್ಯ ಹಳೆಯ ಬೆಂಚಿನಲ್ಲಿ ಒಂಟಿಯಾಗಿ ಮೊಣಕಾಲೂರುತ್ತಾನಲ್ಲ, ಅದು ಯಾಕೆ? ಇದಕ್ಕೆ ಉತ್ತರ ಬೇಕಾದರೆ ಇಲ್ಲಿಂದ ತುಳುನಾಡಿನ ಕಡೆಗೆ, ಅದರ ಹಳೆಯ ಇತಿಹಾಸಕ್ಕೆ ಹೋಗಬೇಕು.

1834ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿಗೆ ಬಂದರು. ಅವರ ಇಂಗ್ಲಿಷ್ ಶಾಲೆಯಲ್ಲಿ ಹರ್ಮನ್ ಮೋಗ್ಲಿಂಗ್ ಅವರ ಬಳಿ ಕಲಿತ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ 1844ರ ಜನವರಿ 6ರಂದು ದೀಕ್ಷಾಸ್ನಾನ ಪಡೆದ. ಪೇಟೆ ಕುದಿಯಿತು. ಜಾತಿ ಬಿಟ್ಟವನಿಗೆ ಪಿತ್ರಾರ್ಜಿತ ಆಸ್ತಿಯ ಹಕ್ಕು ಉಳಿಸುವ ಕಾಯ್ದೆ ಬಂದದ್ದು 1850ರಲ್ಲಿ. ಕೌಂಡಿನ್ಯನಿಗೆ ಆ ರಕ್ಷಣೆಯೂ ಇರಲಿಲ್ಲ. ಕಳೆದುಕೊಳ್ಳಲು ಅವನ ಬಳಿ ಎಲ್ಲವೂ ಇತ್ತು: ಮನೆ, ಮರ್ಯಾದೆ, ಕುಲ. ಮುಂದೆ ಅವನು ಬಾಸೆಲ್‌ಗೆ ಹೋಗಿ ಓದಿ, 1851ರಲ್ಲಿ ಸಭಾಪಾಲಕನಾಗಿ ಮರಳಿದ. ಕೊಡಗಿನಲ್ಲಿ ಹೊಲೆಯರಿಗಾಗಿ ನೆಲೆಯಾದ ಆನಂದಪುರಕ್ಕೆ ಬಂದದ್ದು ಅವನದೇ ಹೆಸರು. ಬ್ರಾಹ್ಮಣ ಹುಡುಗನೊಬ್ಬ ಹೊಲೆಯರ ಕೇರಿಯ ಜೊತೆ ತನ್ನ ಹೆಸರನ್ನು ಕಟ್ಟಿಕೊಂಡದ್ದು ಆ ಕಾಲದ ಕರ್ನಾಟಕದಲ್ಲಿ ಸಣ್ಣ ಮಾತಲ್ಲ.

ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಸೇರಿದವರಲ್ಲಿ ದೊಡ್ಡ ಪಾಲು ಬಿಲ್ಲವರು. ಸೇರಿದವರು ಕಳ್ಳು ಇಳಿಸುವ ಕಸುಬು ಬಿಡಬೇಕಾಯಿತು. ಗೇಣಿಯ ಗದ್ದೆಯಿಂದ ಧಣಿಗಳು ಎಬ್ಬಿಸಿದ್ದೂ ಉಂಟು. ಮಿಷನ್ನಿನ ನೇಯ್ಗೆ ಕಾರ್ಖಾನೆ, 1865ರಲ್ಲಿ ಜೆಪ್ಪುವಿನಲ್ಲಿ ಆರಂಭವಾದ ಹೆಂಚಿನ ಕಾರ್ಖಾನೆ ಇವೆಲ್ಲ ಆ ನಷ್ಟ ತುಂಬಲು ಬಂದವು. ಅಂದರೆ ಕೆಲಸದ ಆಸೆಗೆ ಜನ ಬಂದರು ಎಂದು ಹೇಳುವಾಗ ಕಾಲದ ಕ್ರಮ ತಲೆಕೆಳಗಾಗುತ್ತದೆ. ಜನ ಮೊದಲು ಬಂದರು, ಕಾರ್ಖಾನೆ ಆಮೇಲೆ ಬಂತು. ಕಾರ್ಖಾನೆ ನೆಲೆಯಾದ ಮೇಲೆ ಕೂಲಿಯ ಆಸೆಗೆ ಬಂದವರು ಇರಲಿಲ್ಲ ಎಂದಲ್ಲ, ಬರಗಾಲದಲ್ಲಿ ಅನ್ನಕ್ಕಾಗಿ ಮಿಷನ್ ಬಾಗಿಲಿಗೆ ಬಂದವರೂ ಇದ್ದರು. ಆದರೆ ಬಿಲ್ಲವರು ಹುಡುಕುತ್ತಿದ್ದದ್ದು ಏನು ಎಂಬುದು ಅವರು ತಟ್ಟಿದ ಬೇರೆ ಬಾಗಿಲುಗಳಿಂದ ತಿಳಿಯುತ್ತದೆ. 1870ರ ಸುಮಾರಿಗೆ ಅವರಲ್ಲಿ ಹಲವರು ಬ್ರಹ್ಮಸಮಾಜದ ಕಡೆ ನೋಡಿದರು. 1912ರಲ್ಲಿ ನಾರಾಯಣ ಗುರುಗಳು ಕುದ್ರೋಳಿಯಲ್ಲಿ ಗೋಕರ್ಣನಾಥನನ್ನು ಪ್ರತಿಷ್ಠಾಪಿಸಿದರು. ತಲೆಯೆತ್ತಿ ಒಳಗೆ ಹೋಗಬಹುದಾದ ಗುಡಿ ಸಿಕ್ಕಿದ ಮೇಲೆ ಅವರು ಬೇರೆಡೆ ಹುಡುಕುವ ಅಗತ್ಯ ಕಡಿಮೆಯಾಯಿತು. ದೇವರ ಮುಂದೆ ಮನುಷ್ಯನಾಗಿ ನಿಲ್ಲುವ ಹಕ್ಕನ್ನು ಅವರು ಕೇಳಿದ್ದರು. ಇವತ್ತೂ ಕ್ರೈಸ್ತನಾಗುವ ದಲಿತ 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನವನ್ನು ಕಳೆದುಕೊಳ್ಳುತ್ತಾನೆ. ಅವನು ಪಡೆಯುವುದೇನು ಎಂದು ಕೇಳುವವರು ಅವನು ಬಿಟ್ಟುಕೊಡುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕುವೈತ್‌ಗೆ ಇಷ್ಟೊಂದು ಜನರನ್ನು ಕಳಿಸಿರುವ ಕಾರ್ಕಳದ ಸೀಮೆಯಲ್ಲೇ, ಘಟ್ಟದ ಗಂಗಾಮೂಲದ ಕಾಡಿನಲ್ಲಿ, 1858ರಲ್ಲಿ ಪಂಡಿತಾ ರಮಾಬಾಯಿ ಹುಟ್ಟಿದರು. ತಂದೆ ಅನಂತ ಶಾಸ್ತ್ರಿ ಡೋಂಗ್ರೆ. ಹೆಂಡತಿಗೂ ಮಗಳಿಗೂ ಸಂಸ್ಕೃತ ಕಲಿಸಿದ್ದಕ್ಕೆ ಊರವರ ಸಿಟ್ಟು ಕಟ್ಟಿಕೊಂಡ ವಿದ್ವಾಂಸ. ರಮಾಬಾಯಿ ತಂದೆ ತಾಯಿಯನ್ನು ಕ್ಷಾಮಕ್ಕೆ ಕಳೆದುಕೊಂಡರು. ಅಣ್ಣನೊಡನೆ ಪುರಾಣ ಹೇಳುತ್ತ ದೇಶ ಸುತ್ತಿ 1878ರಲ್ಲಿ ಕಲ್ಕತ್ತ ಸೇರಿದಾಗ ಅಲ್ಲಿನ ಪಂಡಿತರು ಆಕೆಗೆ ಸರಸ್ವತಿ ಎಂಬ ಬಿರುದು ಕೊಟ್ಟರು. ಮದುವೆಯಾದ ಎರಡು ವರ್ಷದೊಳಗೆ ವಿಧವೆಯಾದರು. 1883ರಲ್ಲಿ ಪುಟ್ಟ ಮಗಳು ಮನೋರಮೆಯನ್ನು ಕರೆದುಕೊಂಡು ಇಂಗ್ಲೆಂಡಿನ ವಾಂಟೇಜ್‌ನ ಕ್ರೈಸ್ತ ಸಹೋದರಿಯರ ಮಠಕ್ಕೆ ಹೋದರು. ಮತ ಬಿಡುವುದಿಲ್ಲ ಎಂದು ಹೇಳಿಯೇ ಹೋದದ್ದು.

ಆ ಸಹೋದರಿಯರು ಲಂಡನ್ನಿನ ಫುಲ್ಹಮ್‌ನಲ್ಲಿ ನಡೆಸುತ್ತಿದ್ದ ಆಶ್ರಯಧಾಮವೊಂದನ್ನು ರಮಾಬಾಯಿಗೆ ತೋರಿಸಿದರು. ಸಮಾಜ ದಾರಿತಪ್ಪಿದವರು ಎಂದು ದೂಡಿದ ಹೆಂಗಸರು ಅಲ್ಲಿದ್ದರು. ಅವರಲ್ಲಿ ಕೆಲವರು ಈಗ ಕಾಯಿಲೆಯವರ ಆರೈಕೆಗೆ ನಿಂತಿದ್ದರು. ಸಂಸ್ಕೃತದ ಧರ್ಮಶಾಸ್ತ್ರಗಳನ್ನು ಓದಿದ್ದ ರಮಾಬಾಯಿಗೆ ಇಂಥ ಹೆಂಗಸರಿಗೆ ವಿಧಿಸಿದ ಶಿಕ್ಷೆಗಳೆಲ್ಲ ಗೊತ್ತಿದ್ದವು. ಕರುಣೆ ಯಾಕೆ ಎಂಬುದು ಗೊತ್ತಿರಲಿಲ್ಲ. ಆಕೆ ಕಾರಣ ಕೇಳಿದರು. ಸಹೋದರಿಯೊಬ್ಬರು ಯೋಹಾನನ ಸುವಾರ್ತೆಯ 4ನೆಯ ಅಧ್ಯಾಯ ತೆಗೆದು ಓದಿದರು: ಐವರು ಗಂಡಂದಿರನ್ನು ಕಂಡ, ಕೀಳು ಕುಲದವಳೆಂದು ಯೆಹೂದಿಗಳು ದೂರವಿಟ್ಟ ಸಮಾರ್ಯದ ಹೆಂಗಸಿನ ಬಳಿ ಯೇಸು ಬಾವಿಕಟ್ಟೆಯಲ್ಲಿ ಕುಡಿಯಲು ನೀರು ಕೇಳಿದ ಕಥೆ. ದೇವರು ಎಂದು ನಂಬಿದವನು ಅಂಥವಳ ಕೈಯ ನೀರನ್ನು ಬೇಡುತ್ತಾನೆ, ಆರಾಧನೆ ಎಲ್ಲಿ ಹೇಗೆ ಎಂಬ ದೊಡ್ಡ ಪ್ರಶ್ನೆಯನ್ನು ಅವಳೊಡನೆ ಚರ್ಚಿಸುತ್ತಾನೆ. ಆ ಕ್ಷಣದಲ್ಲಿ ತಮಗೆ ಏನೋ ತೆರೆದುಕೊಂಡಿತು ಎಂದು ರಮಾಬಾಯಿ ಮುಂದೆ ತಮ್ಮ ಆತ್ಮಸಾಕ್ಷ್ಯದಲ್ಲಿ ಬರೆದರು. 1883ರ ಸೆಪ್ಟೆಂಬರ್ 29ರಂದು ತಾಯಿ ಮಗಳಿಬ್ಬರೂ ದೀಕ್ಷಾಸ್ನಾನ ಪಡೆದರು.

ಹಾಗಂತ ರಮಾಬಾಯಿ ತಲೆ ತಗ್ಗಿಸಿ ಎಲ್ಲವನ್ನೂ ಒಪ್ಪಿಕೊಂಡವರಲ್ಲ. ತ್ರಿತ್ವದ ಬಗ್ಗೆ ಮಠದ ಹಿರಿಯರೊಡನೆ ಕಟುವಾಗಿ ವಾದಿಸಿದರು. ಶಿಲುಬೆಯ ಮೇಲೆ ಲ್ಯಾಟಿನ್ ಬರಹ ಯಾಕೆ, ಸಂಸ್ಕೃತ ಯಾಕಾಗಬಾರದು ಎಂದು ಕೇಳಿದರು. ಕ್ರೈಸ್ತ ಮತ ಸಿಕ್ಕಿತ್ತು, ಕ್ರಿಸ್ತ ಸಿಕ್ಕಿರಲಿಲ್ಲ ಎಂಬ ಅರ್ಥದಲ್ಲಿ ತಮ್ಮ ಮೊದಲ ವರ್ಷಗಳ ಬಗ್ಗೆ ಆಮೇಲೆ ಬರೆದುಕೊಂಡರು. 1889ರಲ್ಲಿ ಮುಂಬೈಯಲ್ಲಿ ಶಾರದಾ ಸದನ, ನಂತರ ಕೇಡಗಾಂವ್‌ನಲ್ಲಿ ಮುಕ್ತಿ ಮಿಷನ್ ಕಟ್ಟಿದರು; ಕ್ಷಾಮದಲ್ಲಿ ಅನಾಥರಾದ ಸಾವಿರಾರು ಹೆಣ್ಣುಮಕ್ಕಳಿಗೆ ಅದು ಮನೆಯಾಯಿತು. ಮಗಳು ಮನೋರಮಾ ಕಲಬುರಗಿಯಲ್ಲೂ ಹೆಣ್ಣುಮಕ್ಕಳ ಶಾಲೆ ತೆರೆದರು. ಈ ಇಡೀ ಬದುಕನ್ನು ಆಮಿಷ ಎಂಬ ಒಂದು ಮಾತಿನೊಳಗೆ ತುರುಕಲು ಹೊರಟವರು ಆಕೆಯ ಬುದ್ಧಿಗೂ ಅಪಚಾರ ಮಾಡುತ್ತಾರೆ, ಸತ್ಯಕ್ಕೂ.

ಫುಲ್ಹಮ್‌ನಲ್ಲಿ ರಮಾಬಾಯಿಯ ಮನಸ್ಸನ್ನು ಹಿಡಿದದ್ದೇ ಸಾಲ್ಮಿಯಾದ ಬೆಂಚಿನಲ್ಲಿ ಕೂತವಳ ಮನಸ್ಸನ್ನೂ ಹಿಡಿಯುತ್ತದೆ ಎಂದು ತೋರುತ್ತದೆ. ಸೇವೆ ಕಣ್ಣಿಗೆ ಬೀಳುತ್ತದೆ, ಸ್ನೇಹ ಬಾಗಿಲ ತನಕ ಕರೆದೊಯ್ಯುತ್ತದೆ, ಒಳಗೆ ಕೂರಿಸುವುದು ಒಂದು ಕಥೆ. ಕ್ರೈಸ್ತರ ದೇವರು ದೇವರಾಗಿದ್ದೂ ದಾಸನ ರೂಪ ತಾಳಿದ ಎಂದು ಸಂತ ಪೌಲ ಫಿಲಿಪ್ಪಿಯವರಿಗೆ ಬರೆದ ಪತ್ರದಲ್ಲಿ ಹೇಳುತ್ತಾನೆ. ಶಿಲುಬೆಗೆ ಹಾಕಿಸಿಕೊಂಡ, ಉಗುಳಿಸಿಕೊಂಡ, ಬಟ್ಟೆ ಕಳಚಿಸಿಕೊಂಡ ದೇವರು. ಸುಖವಾಗಿರುವವರಿಗೆ ಈ ಕಥೆ ಒಂದು ವಿಚಿತ್ರ ಪುರಾಣವಾಗಿ ಕಾಣಬಹುದು. ಪಾಸ್‌ಪೋರ್ಟ್ ಮಾಲೀಕನ ಕಪಾಟಿನಲ್ಲಿಟ್ಟು, ಮೂರು ತಿಂಗಳ ಸಂಬಳ ಬಾಕಿಯಿಟ್ಟುಕೊಂಡು, ಯಾರದೋ ಮಗುವನ್ನು ಎತ್ತಿ ಆಡಿಸುತ್ತ ತನ್ನ ಮಗುವಿನ ಮುಖವನ್ನು ಫೋನಿನಲ್ಲಿ ನೋಡುವವಳಿಗೆ ಅದು ವಿಚಿತ್ರವಾಗಿ ಕಾಣುವುದಿಲ್ಲ. ದೇವರಿಗೆ ತನ್ನ ಸ್ಥಿತಿ ಕೇಳಿ ಗೊತ್ತಿರುವುದಲ್ಲ, ಅನುಭವಿಸಿಯೇ ಗೊತ್ತು ಎಂದು ಆಕೆ ನಂಬುತ್ತಾಳೆ. ಶರಣರನ್ನು ಕೇಳಿ ಬೆಳೆದ ಕನ್ನಡಿಗರಿಗೆ, ಕೆಳಗಿನವರ ಕಡೆ ನಿಲ್ಲುವ ದೇವರ ಕಲ್ಪನೆ ಹೊಸದೇನಲ್ಲ. ಆದ್ದರಿಂದಲೇ ಈ ಸೆಳೆತವನ್ನು ಅರ್ಥಮಾಡಿಕೊಳ್ಳಲು ಅವರಿಗೆ ಕಷ್ಟವಾಗಬಾರದು.

ಈ ಕಥೆ ಕುವೈತ್‌ನ ಮಣ್ಣಿಗೂ ಹೊಸದಲ್ಲ. ಕರಾವಳಿಯಾಚೆಯ ಫೈಲಕಾ ದ್ವೀಪದ ಅಲ್ ಖುಸೂರ್‌ನಲ್ಲಿ 1989ರಲ್ಲಿ ಫ್ರೆಂಚ್ ಪುರಾತತ್ವ ತಂಡ ಪುರಾತನ ಇಗರ್ಜಿಯೊಂದರ ಅವಶೇಷಗಳನ್ನು ಹೊರತೆಗೆಯಿತು. ಎಣ್ಣೆ ಕಂಪನಿಗಳು ಬರುವುದಕ್ಕೆ ಸಾವಿರಕ್ಕೂ ಹೆಚ್ಚು ವರ್ಷ ಮುಂಚೆ ಅಲ್ಲಿ ಪ್ರಾರ್ಥನೆ ನಡೆದಿತ್ತು.

ಸಭೆಯೊಳಗೆ ಎಲ್ಲವೂ ಸರಿಯಿದೆ ಎಂದು ಯಾರೂ ತಿಳಿಯಬೇಕಿಲ್ಲ. ಜಾತಿ ಬಿಟ್ಟು ಬಂದೆವು ಎಂದುಕೊಂಡವರಿಗೆ ಇಗರ್ಜಿಯಲ್ಲೂ ಜಾತಿ ಎದುರಾಗಿದೆ. ದಕ್ಷಿಣ ಭಾರತದ ಎಷ್ಟೋ ಕಡೆ ದಲಿತ ಕ್ರೈಸ್ತರಿಗೆ ಸ್ಮಶಾನವೂ ಬೇರೆಯಾಗಿತ್ತು. ಸ್ನೇಹ ಕಂಡು ಹತ್ತಿರ ಬಂದವರು ಜಗಳ ಕಂಡು ದೂರ ಹೋಗುತ್ತಾರೆ. ಗುಣಪಡಿಸುವ ಭರವಸೆ ಕೊಟ್ಟು ಔಷಧ ನಿಲ್ಲಿಸಲು ಹೇಳುವ ಬೋಧಕರು ಎಲ್ಲಿದ್ದರೂ ಅಪಾಯಕಾರಿಗಳೇ, ಅವರನ್ನು ಸಭೆಗಳೇ ಮೊದಲು ತಡೆಯಬೇಕು.

ಸೆಳೆತವೆಲ್ಲ ಮತಾಂತರದಲ್ಲಿ ಮುಗಿಯುವುದೂ ಇಲ್ಲ. ಕಾರ್ಕಳದ ಅತ್ತೂರಿನ ಸಂತ ಲಾರೆನ್ಸರ ಜಾತ್ರೆಗೆ ಜನವರಿಯಲ್ಲಿ ಸೇರುವ ಜನಸಾಗರದಲ್ಲಿ ಹಿಂದೂಗಳೂ ಬಹಳ. ಮೇಣದ ಬತ್ತಿ ಹಚ್ಚುತ್ತಾರೆ, ಹರಕೆ ತೀರಿಸುತ್ತಾರೆ, ಮನೆಗೆ ಹೋಗಿ ತಮ್ಮ ದೈವಕ್ಕೂ ದೀಪ ಇಡುತ್ತಾರೆ. ಅವರಲ್ಲಿ ಅನೇಕರ ಮಕ್ಕಳು ಇವತ್ತು ಕುವೈತ್‌ನಲ್ಲಿದ್ದಾರೆ. ರೂಮಿನ ಗೆಳೆಯನ ಜೊತೆ ಸಾಲ್ಮಿಯಾದ ಇಗರ್ಜಿಗೆ ಹೋಗಿ ಬರುವುದು ಅವರಿಗೆ ಸಹಜ.

ಇನ್ನೂ ಮುಂದೆ ಹೋಗಿ ಜ್ಞಾನಸ್ನಾನ ಬೇಕು ಎನ್ನುವ ವಯಸ್ಕನಿಗೆ ಕೆಥೊಲಿಕ್ ಸಭೆ ತಕ್ಷಣ ನೀರು ಹೊಯ್ಯುವುದಿಲ್ಲ. ಸಭೆಯ ಕಾನೂನಿನ 865ನೆಯ ವಿಧಿಯ ಪ್ರಕಾರ ಅವನು ತಾನಾಗಿ ಬಯಸಿರಬೇಕು, ಬೋಧನೆ ಪಡೆದಿರಬೇಕು, ಕ್ರೈಸ್ತ ಬದುಕಿನಲ್ಲಿ ಅವನನ್ನು ಪರೀಕ್ಷಿಸಿ ನೋಡಿರಬೇಕು. ಇದು ಸಾಮಾನ್ಯವಾಗಿ ವರ್ಷದ ಆಸುಪಾಸು ಹಿಡಿಯುತ್ತದೆ. ಜ್ಞಾನಸ್ನಾನ ಸಿಗುವುದು ಈಸ್ಟರ್ ಹಬ್ಬದ ಹಿಂದಿನ ರಾತ್ರಿ. ಕೊಲ್ಲಿಯ ಬದುಕಿನಲ್ಲಿ ಒಂದು ವರ್ಷ ಬಹಳ ದೊಡ್ಡದು. ಶಿಫ್ಟ್ ಬದಲಾಗುತ್ತದೆ, ಕಂಪನಿ ಬೇರೆ ಸೈಟಿಗೆ ಕಳಿಸುತ್ತದೆ, ಗುತ್ತಿಗೆ ಮುಗಿದು ಇಕಾಮಾ ರದ್ದಾಗುತ್ತದೆ, ಊರಿನಲ್ಲಿ ಮನೆಯವರು ವಿಷಯ ತಿಳಿದು ಫೋನಿನಲ್ಲಿ ಅಳುತ್ತಾರೆ. ಅರ್ಧಕ್ಕೆ ನಿಂತವರ ಪಾಠ ಮುಂದಿನ ಊರಿನ ಧರ್ಮಕೇಂದ್ರದಲ್ಲಿ ಮುಂದುವರಿಯಬೇಕು. ಕೆಲವರದು ಮುಂದುವರಿಯುತ್ತದೆ, ಕೆಲವರದು ಅಲ್ಲಿಗೇ ನಿಲ್ಲುತ್ತದೆ.